ಎಲ್ಲ ಆವಿಯಾಗಿ ಹೋಗುತ್ತೆ ಆಂಟಿ

ಅಕ್ಟೋಬರ್ ಬಂತೆಂದರೆ ಕ್ರಿಸ್‌ಮಸ್ ಕೇಕಿಗೆಂದು ನಮ್ಮ ಅಡುಗೆಮನೆಯ ಮೇಲಿನ ಕಬೋರ್ಡಿಗೆ ಒಂದು ಗಾಜಿನ ಭರಣಿ ಏರುತ್ತದೆ. ಒಣದ್ರಾಕ್ಷಿ, ಖರ್ಜೂರ, ಟೂಟಿ ಫ್ರೂಟಿ, ಕಿತ್ತಳೆ ಸಿಪ್ಪೆ, ಅವೆಲ್ಲ ಮುಳುಗುವಷ್ಟು ರಮ್. ವಾರಕ್ಕೊಮ್ಮೆ ಇಳಿಸಿ ಕುಲುಕಬೇಕು. ಕಿನ್ನಿಗೋಳಿಯಲ್ಲಿ ಅಮ್ಮನೂ ಹೀಗೆಯೇ ಮಾಡುತ್ತಿದ್ದಳು. ಅಪ್ಪ ಕುಡಿಯುವವರಲ್ಲ. ಆದರೂ ವರ್ಷಕ್ಕೊಮ್ಮೆ ಕೇಕಿಗೆಂದು ಪೇಪರಿನಲ್ಲಿ ಸುತ್ತಿಸಿಕೊಂಡು ಬಾಟಲಿ ತರುತ್ತಿದ್ದರು, ದಾರಿಯಲ್ಲಿ ಯಾರಾದರೂ ಸಿಕ್ಕರೆ ಕೇಳದಿದ್ದರೂ ‘ಕೇಕಿಗೆ’ ಅನ್ನುತ್ತಿದ್ದರು.

ನಮ್ಮ ಕಥೊಲಿಕರ ಮನೆಗಳಲ್ಲಿ ಇದು ಸರಿಯೋ ತಪ್ಪೋ ಎಂಬ ಮಾತೇ ಏಳುವುದಿಲ್ಲ. ಹಬ್ಬದ ಸಾನ್ನಾಂ, ಅಂದರೆ ಇಡ್ಲಿಯಂಥ ತಿಂಡಿ, ಉಬ್ಬಬೇಕಾದರೆ ಹಿಟ್ಟಿಗೆ ಸುರ್, ಅಂದರೆ ಕಳ್ಳು, ಬೀಳಬೇಕು. ಇಗರ್ಜಿಯ ಪೂಜೆಗೂ ಹುಳಿ ಬಂದ ನಿಜವಾದ ವೈನೇ ಆಗಬೇಕು, ಅಂಗಡಿಯ ಜ್ಯೂಸ್ ನಡೆಯುವುದಿಲ್ಲ. ಪೀಠದ ಮೇಲೆ ಇರುವುದು ಒಲೆಯ ಮೇಲೆ ಯಾಕಿರಬಾರದು?

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರುಮನೆಯ ಆಂಟಿ ಕೋಲಾರದ ಕಡೆಯವರು, ಪ್ರಾಟೆಸ್ಟಂಟರಲ್ಲಿ ಮೆಥೋಡಿಸ್ಟ್ ಪಂಗಡದವರು. ಅವರು ಬಂದ ಮೊದಲ ವರ್ಷ, ಡಿಸೆಂಬರ್ 23ಕ್ಕೆ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆ ಹಿಡಿದು ಹೋದೆ. ನೆವ್ರಿ, ಕಿಡಿಯೊ, ಗುಳಿಯೊ, ನಡುವೆ ನಾಲ್ಕು ತುಂಡು ಕೇಕ್. ಆಂಟಿ ಒಂದು ತುಂಡು ಎತ್ತಿದವರು ಬಾಯಿಯ ಹತ್ತಿರ ತಂದು ನಿಲ್ಲಿಸಿದರು.

“ಇದರಲ್ಲಿ ರಮ್ ಹಾಕಿದೀಯೇನಮ್ಮಾ?”

“ಸ್ವಲ್ಪ ಹಾಕಿದೀನಿ. ಆದ್ರೆ ಓವನ್ನಲ್ಲಿ ಎಲ್ಲ ಆವಿಯಾಗಿ ಹೋಗುತ್ತೆ ಆಂಟಿ.”

ಅಮ್ಮ ಹೇಳುತ್ತಿದ್ದ ಮಾತು, ಅಮ್ಮನಿಗೆ ಅಜ್ಜಿ ಹೇಳಿದ್ದು. ಆಂಟಿ ತುಂಡನ್ನು ತಟ್ಟೆಯಲ್ಲಿಟ್ಟು, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಒಂದು ನೆವ್ರಿ ಮುರಿದು ಬಾಯಿಗೆ ಹಾಕಿಕೊಂಡರು. “ಚೆನ್ನಾಗಿದೆ” ಅಂದರು. ನನಗೆ ಕಿರಿಕಿರಿಯಾಯಿತು, ಸುಳ್ಳು ಯಾಕೆ ಹೇಳಲಿ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಲಿಲ್ಲವೇ ಅಂದೇಬಿಟ್ಟೆ, ನಗುತ್ತಲೇ.

“ನಮ್ಮಲ್ಲೂ ದ್ರಾಕ್ಷಾರಸಾನೇ ಕೊಡೋದು, ಕರ್ತನ ಭೋಜನಕ್ಕೆ. ಹುಳಿ ಬರಿಸದೇ ಇರೋದು” ಅಂದರು ಆಂಟಿ, ಅವರೂ ನಗುತ್ತಾ.

ದ್ರಾಕ್ಷಾರಸ ಎಂಬ ಕನ್ನಡದ ಒಂದೇ ಪದ ಅವರ ಜ್ಯೂಸಿಗೂ ಆಯಿತು, ನನ್ನ ವೈನಿಗೂ ಆಯಿತು. ಹುಳಿ ಬಾರದ ರಸದ ಹಿಂದೆ ಒಂದು ಕಥೆಯಿದೆ. ದ್ರಾಕ್ಷಿ ಹಿಂಡಿಟ್ಟರೆ ತಾನಾಗಿಯೇ ಹುದುಗಿ ವೈನ್ ಆಗುತ್ತದೆ. ಅದನ್ನು ತಡೆಯಲು 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ವೆಲ್ಚ್ ಎಂಬ ಹಲ್ಲಿನ ವೈದ್ಯರು ಬಾಟಲಿಗಳನ್ನು ಬಿಸಿ ಮಾಡಿ ಈಸ್ಟ್ ಸಾಯಿಸಿದರು. ಅವರೂ ಮೆಥೋಡಿಸ್ಟರೇ, ಮಾಡಿದ್ದೂ ಚರ್ಚಿನ ಭೋಜನಕ್ಕೆಂದೇ.

ನಾನು ಹೊರಡುವಾಗ ಆಂಟಿ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದರು. ಅವರ ತಮ್ಮ ಕುಡಿತ ಬಿಟ್ಟು ಒಂಬತ್ತು ವರ್ಷವಂತೆ. ಕ್ರಿಸ್‌ಮಸ್ಸಿಗೆ ಇಲ್ಲಿಗೇ ಬರುವವನು. “ನಾನು ತಿಂದ್ರೆ ನನಗೇನೂ ಆಗಲ್ಲಮ್ಮ. ಅವನು ಕೆಮ್ಮಿನ ಸಿರಪ್ಪನ್ನೂ ಓದಿ ನೋಡಿ ಕುಡೀತಾನೆ. ಮನೇಲಿ ಆ ವಾಸನೆ ಬೇಡ ಅಂತ ಅಷ್ಟೇ.” ಕೇಕಿನ ತುಂಡುಗಳನ್ನು ಒಂದು ಡಬ್ಬಿಗೆ ಹಾಕಿ ನನ್ನ ಕೈಗೇ ಕೊಟ್ಟರು.

ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ ಹೇಳುವುದು ಇದನ್ನೇ: ಸಹೋದರನು ಎಡವುವಂತಿದ್ದರೆ ಮಾಂಸವನ್ನೂ ತಿನ್ನದೆ ದ್ರಾಕ್ಷಾರಸವನ್ನೂ ಕುಡಿಯದೆ ಇರುವುದು ಒಳ್ಳೆಯದು. ಎಷ್ಟು ಸಲ ಕೇಳಿದ್ದೇನೋ. ತಮ್ಮನೆಂದರೆ ನಿಜವಾದ ತಮ್ಮನೂ ಇರಬಹುದೆಂದು ಹೊಳೆದಿರಲಿಲ್ಲ.

ರಾತ್ರಿ ಗಂಡ ಮೊಬೈಲಿನಲ್ಲಿ ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ತೆಗೆದು ತೋರಿಸಿದರು. ಹಿಟ್ಟಿನಲ್ಲಿ ಕಲಸಿ ಒಂದು ಗಂಟೆ ಬೇಯಿಸಿದರೂ ಹಾಕಿದ ಆಲ್ಕೋಹಾಲಿನ ಸುಮಾರು 25 ಶೇಕಡಾ ಉಳಿಯುತ್ತದೆ, ಎರಡೂವರೆ ಗಂಟೆಗೂ 5 ಶೇಕಡಾ. ಅದಾದರೂ ಬೆಂದದ್ದರ ಲೆಕ್ಕ. ಓವನ್ನಿನಿಂದ ತೆಗೆದ ಮೇಲೆ ಕೇಕಿಗೆ ಕಡ್ಡಿಯಿಂದ ಚುಚ್ಚಿ ಚುಚ್ಚಿ ನಾನು ಮತ್ತೆ ನಾಲ್ಕು ಚಮಚ ರಮ್ ಕುಡಿಸುತ್ತೇನೆ. ಅದು ಎಲ್ಲಿ ಆವಿಯಾಗಬೇಕು?

ಮರುದಿನ ಬೆಳಿಗ್ಗೆ ಒಣಹಣ್ಣುಗಳನ್ನು ಕಿತ್ತಳೆ ರಸ, ಕಡು ಟೀ ಡಿಕಾಕ್ಷನ್ನಿನಲ್ಲಿ ಕುದಿಸಿ, ಆರಿಸಿ, ಸಂಜೆ ಇನ್ನೊಂದು ಕೇಕ್ ಮಾಡಿದೆ. ಪಾತ್ರೆ, ಚಮಚ ಎಲ್ಲ ಇನ್ನೊಮ್ಮೆ ಉಜ್ಜಿದೆ, ಯಾಕೋ ಸಮಾಧಾನವಾಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ ರಮ್ಮಿನ ಕೇಕಿನ ಮುಂದೆ ಇದು ಸಪ್ಪೆ. ಬಾಳಿಕೆಯೂ ಇಲ್ಲ, ನಾಲ್ಕು ದಿನಕ್ಕೆ ಫ್ರಿಜ್ ಸೇರಬೇಕು.

25ರ ಮಧ್ಯಾಹ್ನ ಹೋದಾಗ ಬಾಗಿಲು ತೆಗೆದದ್ದು ತಮ್ಮನೇ, ಅರವತ್ತರ ಹತ್ತಿರದ ಸಣಕಲು ಮನುಷ್ಯ. “ರಮ್ ಇಲ್ಲ ಅಂಕಲ್, ಕಿತ್ತಳೆ ರಸ” ಅಂದೆ. ನಂಬಲಿಲ್ಲವೋ, ಅಭ್ಯಾಸವೋ, ತುಂಡನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಮೂಸಿದರು. ಆಂಟಿ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದರು. ಆಮೇಲೆ ಅವರು ತಿಂದರು, ಕೈಗೆ ಉದುರಿದ ಪುಡಿಯನ್ನೂ ಬಿಡದೆ.