ಪೀಚೆಕತ್ತಿಯ ಫೋಟೋಗೆ ಮೋಡದ ದಿನವೇ ಸರಿ

ಕೊಡಗಿನ ಕತ್ತಿಗಳದ್ದು ಮೊದಲ ದಿನ ತೆಗೆದಿದ್ದು 140 ಫೋಟೋ. ಉಳಿಸಿಕೊಂಡಿದ್ದು ಮೂರು. ಮಿಕ್ಕಿದ್ದರಲ್ಲೆಲ್ಲ ಅಲಗಿನ ಉದ್ದಕ್ಕೂ ಟ್ಯೂಬ್‌ಲೈಟಿನ ಬಿಳಿ ಗೆರೆ, ಇಲ್ಲಾಂದ್ರೆ ನನ್ನದೇ ಹಳದಿ ಅಂಗಿ. ಒಂದರಲ್ಲಂತೂ ಪಕ್ಕದಲ್ಲಿ ನಿಂತು ವಡೆ ತಿನ್ನುತ್ತಿದ್ದವರ ಮುಖ ಅಚ್ಚುಕಟ್ಟಾಗಿ ಬಂದಿತ್ತು. ಕತ್ತಿ ಮಾತ್ರ ಕಾಣುತ್ತಿರಲಿಲ್ಲ.

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಇನ್ನೊಂದು ವಾರ ಇತ್ತು. ಗೋಣಿಕೊಪ್ಪಲಿನ ಹತ್ತಿರ ಒಂದು ಸಣ್ಣ ಹಾಲ್‌ನಲ್ಲಿ ಕೈಯಲ್ಲೇ ಮಾಡಿದ ಕತ್ತಿಗಳನ್ನು ನೋಡೋಕೆ ಇಡುತ್ತಾರೆ, ಕ್ಯಾಮೆರಾ ಹಿಡಿದುಕೊಂಡು ಬಾ ಅಂತ ಗೆಳೆಯ ಕರೆದಿದ್ದ. ಹತ್ತು ಹನ್ನೆರಡು ಮೇಜು, ಅಷ್ಟೇ. ಒಂದು ಕಡೆ ಕಮ್ಮಾರರು, ಇನ್ನೊಂದು ಕಡೆ ಬೆಳ್ಳಿ ಕೆಲಸದವರು, ನಡುವೆ ಅಜ್ಜನ ಕಾಲದ ಕತ್ತಿಯನ್ನು ತೋರಿಸೋಕೆ ತಂದ ಕೆಲವು ಮನೆಯವರು. ಇಂಥದ್ದಕ್ಕೆ ನೀವೂ ಹೋಗುವ ಯೋಚನೆಯಲ್ಲಿದ್ದರೆ ನನ್ನ ಮೊದಲ ದಿನದ ಪಾಡು ನಿಮಗೆ ಬರಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ.

ದಾರಿಯ ವಿಷಯ ಬೇಗ ಮುಗಿಸುತ್ತೇನೆ. ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲಲ್ಲಿ ಬಂದು, ಹುಣಸೂರು, ಆನೆಚೌಕೂರು, ತಿತಿಮತಿ ಮೇಲೆ ಬಸ್ಸಲ್ಲಿ ಹೋದರೆ ಗೋಣಿಕೊಪ್ಪಲು. ನಡುವೆ ಕಾಡು ಸಿಗುತ್ತದೆ, ಆನೆ ರಸ್ತೆಗೆ ಬರುವ ಜಾಗ. ಸ್ವಂತ ಕಾರಾದರೆ ಕತ್ತಲಾಗುವ ಮುಂಚೆ ದಾಟಿಬಿಡಿ. ಮಳೆಗಾಲದಲ್ಲಿ ರೂಮಿನ ಕರೆಂಟನ್ನು ನಂಬಿ ಬ್ಯಾಟರಿ ಖಾಲಿ ಇಟ್ಟುಕೊಳ್ಳಬೇಡಿ. ನಾನು ಇಟ್ಟುಕೊಂಡಿದ್ದೆ.

ನೋಡೋಕೆ ಹೋಗುವ ಮುಂಚೆ ಎರಡು ಹೆಸರು ಗೊತ್ತಿದ್ದರೆ ಒಳ್ಳೆಯದು. ಪೀಚೆಕತ್ತಿ ಅಂದರೆ ಸೊಂಟಕ್ಕೆ ಕಟ್ಟಿದ ಕೆಂಪು ಚೇಲೆಯೊಳಗೆ, ಮುಂದುಗಡೆ ಸಿಕ್ಕಿಸಿಕೊಳ್ಳುವ ಸಣ್ಣ ಕತ್ತಿ. ಒರೆಯ ಮೇಲೆ ಬೆಳ್ಳಿ ಕೆಲಸ, ಒರೆಯಿಂದ ಇಳಿಬಿದ್ದ ಸರಪಳಿ. ಒಡಿಕತ್ತಿ ದೊಡ್ಡದು. ಅಗಲ ಅಲಗು, ಮುಂದಕ್ಕೆ ಬಾಗಿರುತ್ತದೆ, ಬಾಯಿ, ಅಂದರೆ ಹರಿತದ ಅಂಚು, ಒಳಬಾಗಿನ ಕಡೆ. ಅದಕ್ಕೆ ಒರೆ ಇಲ್ಲ. ಬೆನ್ನ ಹಿಂದೆ ತೋಡಂಗ್ ಅನ್ನುವ ಲೋಹದ ಕೊಂಡಿಗೆ ಬರೀ ಅಲಗನ್ನೇ ಸಿಕ್ಕಿಸುತ್ತಾರೆ. ಮದುವೆಯಲ್ಲಿ ಬಾಳೆ ಕಂಬ ಕಡಿಯೋದು ಇದರಿಂದಲೇ. ಬರೀ ಕತ್ತಿಯ ಫೋಟೋ ತೆಗೆದು ತೋಡಂಗನ್ನು ಬಿಟ್ಟು ಬಂದರೆ ಅರ್ಧ ಕೆಲಸ ಬಿಟ್ಟು ಬಂದ ಹಾಗೆ.

ಈಗ ಬೆಳಕು. ನನ್ನ ತಪ್ಪೆಲ್ಲ ಆಗಿದ್ದು ಇಲ್ಲೇ. ಸಾಣೆ ಹಿಡಿದ ಅಲಗು ಅಂದರೆ ಕನ್ನಡಿ. ಅದರ ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಹಾಗಾಗಿ ಕತ್ತಿಯ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಅಂತ ನೋಡುತ್ತಾ ಕೂತರೆ ಉಪಯೋಗವಿಲ್ಲ, ಕತ್ತಿಗೆ ಏನು ಕಾಣುತ್ತಿದೆ ಅಂತ ನೋಡಬೇಕು. ಫ್ಲ್ಯಾಶ್ ಹಾಕಿದರೆ ಒಂದು ಬಿಳಿ ಚುಕ್ಕೆ, ಸುತ್ತ ಕತ್ತಲೆ. ಲೆನ್ಸಿನ ಮುಂದೆ ಪೋಲರೈಸರ್ ಅನ್ನುವ ಫಿಲ್ಟರ್ ಹಾಕಿದರೆ ಹೊಳಪು ಹೋಗುತ್ತೆ ಅಂದುಕೊಂಡು ನಾನು ಒಂದು ಗಂಟೆ ಅದನ್ನು ತಿರುಗಿಸುತ್ತಾ ಕೂತಿದ್ದೆ. ಗಾಜು, ನೀರು, ಎಲೆ ಇವುಗಳ ಹೊಳಪನ್ನು ಅದು ತೆಗೆಯುತ್ತದೆ. ಬರೀ ಲೋಹದ ಹೊಳಪಿನ ಮುಂದೆ ಅದರ ಆಟ ನಡೆಯಲ್ಲ.

ಎರಡನೇ ದಿನ ಬೆಳಗ್ಗೆ ಮಳೆ ಸಣ್ಣಗೆ ಹನಿಯುತ್ತಿತ್ತು. ಹಾಲ್‌ನ ಒಳಗೆ ಟ್ಯೂಬ್‌ಲೈಟ್ ಬಣ್ಣ ಒಂದು ಥರ, ಕಿಟಕಿ ಬೆಳಕಿನ ಬಣ್ಣ ಇನ್ನೊಂದು ಥರ. ಬೇಸತ್ತು ಒಂದು ಮೇಜನ್ನು ಎತ್ತಿಕೊಂಡು ಹೊರಗಿನ ಜಗಲಿಗೆ ಬಂದೆವು. ಕತ್ತಿಯನ್ನು ಮೇಜಿನ ಮೇಲಿಟ್ಟು ಕ್ಯಾಮೆರಾದಲ್ಲಿ ನೋಡಿದರೆ ಕೆಲಸ ಆಗಲೇ ಮುಗಿದಿತ್ತು! ಒಂದು ಕಡೆ ಮೋಡದ ಬಿಳಿ, ಇನ್ನೊಂದು ಕಡೆ ಮಾಡಿನ ಕತ್ತಲೆ. ಅಲಗಿನ ಬೆನ್ನು ಕಪ್ಪಾಗಿ ಶುರುವಾಗಿ ಬಾಯಿಯ ಕಡೆ ಬರುತ್ತಾ ಬೆಳ್ಳಗಾಗಿತ್ತು. ಸಾಣೆಯ ಗೆರೆ, ಸುತ್ತಿಗೆಯ ಸಣ್ಣ ತಗ್ಗು, ಎಲ್ಲ ಕಾಣುತ್ತಿತ್ತು. ಸ್ಟುಡಿಯೋದವರು ದುಡ್ಡು ಕೊಟ್ಟು ಮಾಡಿಕೊಳ್ಳುವ ಬೆಳಕು ಕೊಡಗಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಪುಕ್ಕಟೆ ಸಿಗುತ್ತದೆ ಅಲ್ವಾ, ನಾನು ಒಳಗೆ ಕೂತು ಒದ್ದಾಡಿದ್ದೆ.

ಜಗಲಿ ಸಿಗದಿದ್ದರೆ ಒಂದು ಬಿಳಿ ಪಂಚೆ, ಒಂದು ಕಪ್ಪು ರಟ್ಟು ಸಾಕು. ಲೆನ್ಸ್ ಇರುವ ಜಾಗದಿಂದಲೇ ಅಲಗನ್ನು ನೋಡಿ. ಗೆಳೆಯನಿಗೆ ಪಂಚೆ ಹಿಡಿದು ಅತ್ತಿತ್ತ ಸರಿಯೋಕೆ ಹೇಳಿ. ಒಂದು ಕಡೆ ಬಂದಾಗ ಇಡೀ ಅಲಗು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅಲ್ಲೇ ನಿಲ್ಲಿಸಿ. ಆಮೇಲೆ ಕಪ್ಪು ರಟ್ಟನ್ನು ಎದುರು ಬದಿಯಿಂದ ನಿಧಾನಕ್ಕೆ ತಂದರೆ ಅಂಚಿನಲ್ಲಿ ಒಂದು ಕಪ್ಪು ಗೆರೆ ಮೂಡುತ್ತದೆ. ಅದು ಬಂದರೆ ಮಾತ್ರ ಕತ್ತಿಗೆ ಆಕಾರ, ಇಲ್ಲಾಂದ್ರೆ ಬಿಳಿ ಕಾಗದ ಕತ್ತರಿಸಿ ಇಟ್ಟ ಹಾಗೆ ಕಾಣುತ್ತದೆ. ನೀವು ಹಾಕುವ ಅಂಗಿ ಕಪ್ಪೋ ಬೂದಿಯೋ ಇರಲಿ.

ಚಂದ ಕಾಣುತ್ತೆ ಅಂತ ಕೆಂಪು ಚೇಲೆಯ ಮೇಲೆ ಕತ್ತಿ ಇಡುವ ಆಸೆ ಎಲ್ಲರಿಗೂ ಆಗುತ್ತದೆ. ನನಗೂ ಆಯಿತು. ಬೆಳ್ಳಿ ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ಬಾಳೆ ಎಲೆಯ ಮೇಲಿಟ್ಟರೆ ಹಸಿರು, ಅದರ ಜೊತೆ ಒದ್ದೆ ಬೇರೆ. ಹಳೇ ಮರದ ಹಲಗೆಯೇ ಒಳ್ಳೆಯದು. ಕತ್ತಿಯ ಕೆಳಗೆ ಒಂದು ರಬ್ಬರ್ ತುಂಡು ಅಡಗಿಸಿ ಸ್ವಲ್ಪ ಎತ್ತರ ಕೊಟ್ಟರೆ ಹಲಗೆಯಿಂದ ಬಿಡಿಸಿಕೊಂಡು ನಿಲ್ಲುತ್ತದೆ. ಟ್ರೈಪಾಡ್, ಐಎಸ್‌ಒ 100, ಎಫ್/8 ಇಲ್ಲವೇ ಎಫ್/11, ಎರಡು ಸೆಕೆಂಡಿನ ಟೈಮರ್. ಫೋನಲ್ಲಾದರೆ ಸ್ವಲ್ಪ ದೂರ ನಿಂತು 2ಎಕ್ಸ್ ಝೂಮ್ ಬಳಸಿ. ಹತ್ತಿರ ಹೋದರೆ ಹಿಡಿ ದೊಡ್ಡದಾಗಿ, ತುದಿ ಸಣ್ಣದಾಗಿ ಕಾಣುತ್ತದೆ.

ಒಬ್ಬರು ಹಿರಿಯರು ಬಟ್ಟೆಯಲ್ಲಿ ಸುತ್ತಿ ಒಂದು ಪೀಚೆಕತ್ತಿ ತಂದಿದ್ದರು. ಹಿಡಿಯ ತುದಿ ಗಿಣಿಯ ತಲೆಯ ಹಾಗೆ, ಕಣ್ಣಿಗೆ ಕೆಂಪು ಕಲ್ಲು. ಒಂದು ಕಣ್ಣು ಬಿದ್ದುಹೋಗಿತ್ತು. ಸರಪಳಿಯ ತುದಿಯಲ್ಲಿ ಏನೋ ಗೆಜ್ಜೆ ಅಂದುಕೊಂಡಿದ್ದೆ. ಮ್ಯಾಕ್ರೋ ಲೆನ್ಸಿನಲ್ಲಿ ನೋಡಿದರೆ ಒಂದು ಪುಟ್ಟ ಚಿಮಟ, ಪಕ್ಕದಲ್ಲಿ ಕಿವಿ ಗುಗ್ಗೆ ತೆಗೆಯುವ ಚಮಚ. ಅವರು ನಕ್ಕರು. "ಗಂಡಸರ ಬ್ಯಾಗು ಅದೇ ಆಗಿತ್ತು," ಅಂದರು. ಅಷ್ಟು ಸಣ್ಣ ವಸ್ತುವಿಗೆ ಒಂದೇ ಫೋಟೋದಲ್ಲಿ ಪೂರ್ತಿ ಫೋಕಸ್ ಸಿಗಲ್ಲ. ಸರಪಳಿಯನ್ನು ಅಲಗಿನ ಮಟ್ಟಕ್ಕೇ ಹರಡಿ, ಕ್ಯಾಮೆರಾ ನೇರ ಮೇಲಿನಿಂದ ಇಟ್ಟರೆ ಅರ್ಧ ಕಷ್ಟ ತಪ್ಪುತ್ತದೆ.

ಅವರ ಕತ್ತಿಯನ್ನೇ ನಾನು ಬರಿಗೈಯಲ್ಲಿ ಮುಟ್ಟಿದ್ದು. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಅಲಗಿನ ಮೇಲೆ ಹೆಬ್ಬೆರಳಿನ ಗುರುತು ಮಸುಕಾಗಿ ಕೂತಿತ್ತು. ಇವು ಸ್ಟೇನ್‌ಲೆಸ್ ಅಲ್ಲ, ಕಾರ್ಬನ್ ಜಾಸ್ತಿ ಇರುವ ಉಕ್ಕು. ಕೊಡಗಿನ ಆ ಥಂಡಿಗೆ ಬೆವರು ಸೇರಿದರೆ ತುಕ್ಕು ಹಿಡಿಯೋಕೆ ಹೊತ್ತು ಬೇಕಿಲ್ಲ. ಅವರು ಏನೂ ಅನ್ನಲಿಲ್ಲ. ಎಣ್ಣೆ ಬಟ್ಟೆಯಲ್ಲಿ ಉಜ್ಜಿದರು, ಅಷ್ಟೇ. ನನಗೆ ಮಾತ್ರ ಊಟ ಇಳಿದಿರಲಿಲ್ಲ. ಹತ್ತಿಯ ಕೈಗವಸು ತನ್ನಿ. ಕತ್ತಿಯನ್ನು ತಿರುಗಿಸಬೇಕಾದರೆ ಮನೆಯವರಿಗೇ ಹೇಳಿ. ಎಣ್ಣೆ ಇದ್ದರೆ ಫೋಟೋದಲ್ಲಿ ಬಣ್ಣಬಣ್ಣದ ಕಲೆ ಬರುತ್ತದೆ, ಆದ್ದರಿಂದ ಅವರ ಕೈಯಲ್ಲೇ ಒರೆಸಿಸಿ, ಮುಗಿದ ಮೇಲೆ ಮತ್ತೆ ಹಚ್ಚಿಸಿ. ಯಾವ ಮನೆಯ ಕತ್ತಿ ಅಂತ ಹೆಸರು ಹಾಕಿ ಇಂಟರ್‌ನೆಟ್‌ಗೆ ಏರಿಸಬೇಡಿ. ಬೆಳ್ಳಿ ಇರುವ ಮನೆಗೆ ಕಳ್ಳರಿಗೆ ನಾವೇ ದಾರಿ ತೋರಿಸಿದ ಹಾಗಾಗುತ್ತದೆ.

ಮನೆಗಳಿಗೇ ಹೋಗಿ ತೆಗೆಯುವ ಯೋಚನೆ ಇದ್ದರೆ ಕಾಲ ನೋಡಿಕೊಳ್ಳಿ. ಕೈಲ್ ಪೊಳ್ದ್ ಸಾಮಾನ್ಯವಾಗಿ ಸೆಪ್ಟೆಂಬರ್ 3ಕ್ಕೆ, ಕೆಲವು ನಾಡುಗಳಲ್ಲಿ ಹಿಂದೆ ಮುಂದೆ. ನಾಟಿ ಕೆಲಸದ ದಿನಗಳಲ್ಲಿ ಹೆಚ್ಚಿನ ಮನೆಗಳಲ್ಲಿ ಕೋವಿ, ಕತ್ತಿ ಎಲ್ಲ ಕನ್ನಿಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಇರುತ್ತವೆ. ಹಬ್ಬದ ದಿನ ಹೊರಗೆ ಬಂದು, ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಆಗುತ್ತದೆ. ಅದಕ್ಕೆ ಮುಂಚೆ "ಒಂದೇ ಒಂದು ಫೋಟೋ" ಅಂತ ಕೇಳಬೇಡಿ. ಪೂಜೆ ಆಗಲಿ, ಕಡಂಬುಟ್ಟು, ಪಂದಿ ಕರಿ ತಿನ್ನಿ, ಆಮೇಲೆ ಸುಮ್ನೆ ಕೂತಿದ್ದರೂ ಅವರೇ ತೋರಿಸುತ್ತಾರೆ.

ಮಡಿಕೇರಿಗೂ ಹೋಗುವುದಾದರೆ ಕೋಟೆಯೊಳಗಿನ ಹಳೇ ಚರ್ಚ್ ಕಟ್ಟಡದ ಮ್ಯೂಸಿಯಂ ನೋಡಿ. ಫೋಟೋಗೆ ಅನುಮತಿ ಇದೆಯಾ ಅಂತ ಬಾಗಿಲಲ್ಲೇ ಕೇಳಿ. ಗಾಜಿನ ಪೆಟ್ಟಿಗೆ ಮುಂದೆ ಆ ಪೋಲರೈಸರ್ ಕೆಲಸಕ್ಕೆ ಬರುತ್ತದೆ.

ಕೊಳ್ಳುವ ಆಸೆ ಆದರೆ ಎರಡು ಮಾತು. ಹಳೇ ಕತ್ತಿಯ ಹಿಡಿ ಆನೆ ದಂತದ್ದಾದರೆ ಕೈ ಹಾಕಬೇಡಿ, ದಂತದ ವ್ಯಾಪಾರ ಅಪರಾಧ. ಇನ್ನು ಅಲಗು 9 ಇಂಚಿಗಿಂತ ಉದ್ದ ಇಲ್ಲವೇ 2 ಇಂಚಿಗಿಂತ ಅಗಲ ಇದ್ದು, ಮನೆ ಅಥವಾ ಹೊಲದ ಕೆಲಸಕ್ಕೆ ಮಾಡಿದ್ದಲ್ಲ ಅಂದರೆ ಅದು ಆಯುಧ ನಿಯಮಗಳ ಪಟ್ಟಿಗೆ ಸೇರುತ್ತದೆ. ಕೊಡವರಿಗೂ, ಕೊಡಗಿನ ಹಳೇ ಜಮ್ಮಾ ಪದ್ಧತಿಯ ಜಮೀನು ಇರುವವರಿಗೂ ಇರುವ ಲೈಸೆನ್ಸ್ ವಿನಾಯಿತಿ ಬೆಂಗಳೂರಿಂದ ಬಂದ ನನಗೆ ಸಿಗಲ್ಲ. ನಾನು ಕಮ್ಮಾರರ ಹತ್ತಿರ ಅಡುಗೆಮನೆಯ ಒಂದು ಚಾಕು ತಗೊಂಡೆ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದು. ಈರುಳ್ಳಿಗೆ ಸೊಗಸಾಗಿದೆ.

ಊರಿಗೆ ಬಂದ ಮೇಲೆ ಆ ಹಿರಿಯರಿಗೆ ಅವರ ಪೀಚೆಕತ್ತಿಯ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಳಿಸಿದೆ. ನನ್ನ ಪ್ರಕಾರ ಆ ಎರಡು ದಿನದಲ್ಲಿ ತೆಗೆದದ್ದರಲ್ಲಿ ಅದೇ ಒಳ್ಳೆಯದು. ವಾರದ ಮೇಲೆ ಫೋನ್ ಮಾಡಿದರು. ಚೆನ್ನಾಗಿದೆ, ಗೋಡೆಗೆ ಹಾಕಿದ್ದೇವೆ ಅಂದರು. ಆಮೇಲೆ ಸ್ವಲ್ಪ ತಡೆದು, "ಹಿಡಿಯ ಹತ್ತಿರ ಅಲಗಿನ ಮೇಲೆ ಒಂದು ಕೊಡೆ ಕಾಣುತ್ತಲ್ಲ, ಅದು ನಿಮ್ಮ ಗೆಳೆಯಂದಾ?" ಅಂತ ಕೇಳಿದರು.