ಮೊಳೆ-ಮರಳಿನ ಆರ್ಸೆನಿಕ್ ಫಿಲ್ಟರ್: ಈವರೆಗೆ ಆದ ಕೆಲಸ

ನೀರಿನಲ್ಲಿ ಕರಗಿದ ಆರ್ಸೆನಿಕ್ ಎಂಬ ವಿಷವನ್ನು ತೆಗೆಯುವ ಫಿಲ್ಟರ್ ಇದು. ಡ್ರಮ್ ಜೋಡಣೆ ಮುಗಿದು ನೀರು ಹರಿಯತೊಡಗಿದೆ. ಮಾದರಿಗೆ ಇಟ್ಟುಕೊಂಡಿರುವುದು ನೇಪಾಳದಲ್ಲಿ ಬಳಕೆಗೆ ಬಂದ ಕಂಚನ್ ಫಿಲ್ಟರ್. ಮೇಲೆ ಕಬ್ಬಿಣದ ಮೊಳೆ, ಕೆಳಗೆ ಮರಳು. ಇಲ್ಲಿ ಆರ್ಸೆನಿಕ್ ಹಿಡಿಯುವುದು ಮರಳಲ್ಲ, ಮೊಳೆಯ ತುಕ್ಕು. ಉದುರಿದ ತುಕ್ಕಿನ ಪುಡಿಯನ್ನು ತಡೆದು ನಿಲ್ಲಿಸುವುದು ಮರಳಿನ ಕೆಲಸ. ನೀರನ್ನು ಕುದಿಸಿದರೆ ಆರ್ಸೆನಿಕ್ ಹೋಗದು. ಆವಿ ಹೋದಷ್ಟೂ ಉಳಿದ ನೀರಿನಲ್ಲಿ ಆರ್ಸೆನಿಕ್ ಸಾಂದ್ರತೆ ಏರುತ್ತದೆ.

ಡ್ರಮ್ ಸುಮಾರು 60 ಸೆಂ.ಮೀ. ಎತ್ತರದ್ದು, ಪ್ಲಾಸ್ಟಿಕ್. ತಳದಲ್ಲಿ 5 ಸೆಂ.ಮೀ. ಸಣ್ಣ ಜಲ್ಲಿ, ಅದರ ಮೇಲೆ 5 ಸೆಂ.ಮೀ. ಒರಟು ಮರಳು, ಮೇಲೆ 30 ಸೆಂ.ಮೀ. ಸಣ್ಣ ಮರಳು (1 ಮಿ.ಮೀ. ಜರಡಿಯಲ್ಲಿ ಇಳಿದದ್ದು). ಮೊದಲು ನೀರು ತುಂಬಿಸಿ, ಮರಳನ್ನು ಆ ನೀರಿಗೇ ಸುರಿಯಬೇಕು. ಒಣ ಮರಳಿನ ಮೇಲೆ ನೀರು ಹೊಯ್ದರೆ ಗಾಳಿ ಒಳಗೇ ಸಿಕ್ಕಿಕೊಂಡು ಹರಿವು ಕಟ್ಟುತ್ತದೆ. ಹೊರಕೊಳವೆಯ ಬಾಯಿ ಮರಳಿನ ಮಟ್ಟಕ್ಕಿಂತ 5 ಸೆಂ.ಮೀ. ಮೇಲಿದೆ, ಹೀಗಾಗಿ ಮರಳು ಎಂದೂ ಒಣಗದು. ಆ ಬಾಯಿಗೆ ಉದ್ದದ ರಬ್ಬರ್ ಪೈಪ್ ಸಿಕ್ಕಿಸಬಾರದು. ಸೈಫನ್ ಆಗಿ, ಅಂದರೆ ಪೈಪೇ ನೀರನ್ನು ಎಳೆದುಕೊಂಡು, ನೀರೆಲ್ಲ ಇಳಿದುಹೋಗುತ್ತದೆ.

ಮೊಳೆಯ ವಿಷಯಕ್ಕೆ ಹೆಚ್ಚು ಗಮನ ಬೇಕು. ರಂಧ್ರ ಕೊರೆದ ಬೇಸಿನ್‌ನಲ್ಲಿ 5 ಕೆ.ಜಿ. ಮೊಳೆ, ಉದ್ದ 20 ಮಿ.ಮೀ.ಗಿಂತ ಕಡಿಮೆ. ಚಿಕ್ಕದಾದಷ್ಟೂ ಮೇಲ್ಮೈ ಹೆಚ್ಚು. ಸತು ಲೇಪಿಸಿದ ಮೊಳೆ ಬೇಡವೇ ಬೇಡ, ಲೇಪ ಇರುವಷ್ಟು ದಿನ ತುಕ್ಕು ಹಿಡಿಯದು. ಹೊಸ ಮೊಳೆಗೆ ಎಣ್ಣೆಯ ಪದರವಿರುತ್ತದೆ, ಸಾಬೂನು ನೀರಿನಲ್ಲಿ ತೊಳೆದೇ ಹಾಕಬೇಕು. ಮೇಲೆ ಇಟ್ಟಿಗೆ ಚೂರು ಹರಡಿದರೆ ಸುರಿಯುವ ನೀರು ಮೊಳೆಗಳನ್ನು ಪಕ್ಕಕ್ಕೆ ಸರಿಸುವುದಿಲ್ಲ. ಸರಿದರೆ ಮಧ್ಯದಲ್ಲೊಂದು ದಾರಿಯಾಗಿ, ನೀರು ಕಬ್ಬಿಣವನ್ನು ಮುಟ್ಟದೆಯೇ ಕೆಳಗಿಳಿಯುತ್ತದೆ. ಈಗ ಮೊಳೆಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿವೆ, ಬೆರಳಿಗೆ ಕೆಂಪು ಪುಡಿ ಅಂಟುತ್ತದೆ. ಬೇಕಾದದ್ದು ಇದೇ.

ಅಂತರ್ಜಲದಲ್ಲಿ ಆರ್ಸೆನಿಕ್ ಎರಡು ರೂಪದಲ್ಲಿರುತ್ತದೆ. ಆರ್ಸೆನೇಟ್‌ಗೆ ಋಣ ವಿದ್ಯುದಂಶ ಇರುವುದರಿಂದ ತುಕ್ಕಿಗೆ ಸುಲಭವಾಗಿ ಅಂಟುತ್ತದೆ. ಆರ್ಸೆನೈಟ್‌ಗೆ ಸಾಮಾನ್ಯ ಪಿಎಚ್‌ನಲ್ಲಿ (ನೀರಿನ ಆಮ್ಲ-ಕ್ಷಾರ ಮಟ್ಟ) ವಿದ್ಯುದಂಶವಿಲ್ಲ, ಅಷ್ಟು ಚೆನ್ನಾಗಿ ಅಂಟದು. ಕ್ಲೋರಿನ್ ಹಾಕಿದರೆ ಆರ್ಸೆನೈಟ್ ಕ್ಷಣದಲ್ಲಿ ಆರ್ಸೆನೇಟ್ ಆಗುತ್ತದೆ, ನಿಜ. ಆದರೆ ಕ್ಲೋರಿನ್ ಮರಳಿನ ಮೇಲ್ಪದರದಲ್ಲಿ ಬೆಳೆದು ರೋಗಾಣುಗಳನ್ನು ತಡೆಯುವ ಜೈವಿಕ ಪದರವನ್ನೂ ಕೊಲ್ಲುತ್ತದೆ. ಆದ್ದರಿಂದ ಕ್ಲೋರಿನ್ ಕೈಬಿಟ್ಟಿದ್ದೇವೆ. ಕಬ್ಬಿಣ ತುಕ್ಕಾಗುವಾಗಲೇ ಒಂದಷ್ಟು ಆರ್ಸೆನೈಟ್ ಉತ್ಕರ್ಷಣಗೊಂಡು ಆರ್ಸೆನೇಟ್ ಆಗುತ್ತದೆ. ಫಾಸ್ಫೇಟ್ ಹೆಚ್ಚಿರುವ ನೀರಲ್ಲಿ ಮಾತ್ರ ಕಷ್ಟ: ಆರ್ಸೆನಿಕ್ ಕೂರಬೇಕಾದ ಜಾಗದಲ್ಲೇ ಫಾಸ್ಫೇಟ್ ಕೂತುಬಿಡುತ್ತದೆ. ಸಿಲಿಕೇಟ್‌ದೂ ಇದೇ ತಕರಾರು.

ಹರಿವು: ಒಂದು ಲೀಟರ್ ತುಂಬಲು 3 ನಿಮಿಷಕ್ಕಿಂತ ಕಡಿಮೆ ಹಿಡಿದರೆ ಮರಳು ಒರಟಾಯಿತೆಂದು ಅರ್ಥ. ಬಹಳ ನಿಧಾನವಾದರೆ ಮೇಲಿನ 1-2 ಸೆಂ.ಮೀ. ಮರಳನ್ನಷ್ಟೇ ಕೈಯಿಂದ ಕಲಕಿ ರಾಡಿ ನೀರನ್ನು ಮೊಗೆದು ತೆಗೆಯಬೇಕು. ಆ ರಾಡಿಯಲ್ಲೇ ಆರ್ಸೆನಿಕ್ ಕೂಡಿರುತ್ತದೆ. ಬಾವಿಯ ಬಳಿ, ಕೆಸರಿನಲ್ಲಿ ಚೆಲ್ಲಬಾರದು. ಗಾಳಿಯಿಲ್ಲದ ಮಣ್ಣಿನಲ್ಲಿ ತುಕ್ಕು ಕರಗಿ ಆರ್ಸೆನಿಕ್ ಮತ್ತೆ ನೀರಿಗೆ ಸೇರುತ್ತದೆ. ಸದ್ಯ ಮುಚ್ಚಳದ ಬಕೆಟ್‌ನಲ್ಲಿ ಒಣಗಿಸುತ್ತಿದ್ದೇವೆ, ಆಮೇಲೆ ಕಾಂಕ್ರೀಟ್‌ಗೆ ಬೆರೆಸುವ ಯೋಚನೆ.

ಪರೀಕ್ಷೆಗೆ ಬಣ್ಣದ ಪಟ್ಟಿಯ ಕಿಟ್. ಅದು ನೀರಿನ ಆರ್ಸೆನಿಕ್ಕನ್ನು ಆರ್ಸೀನ್ ಅನಿಲವಾಗಿಸಿ ಬಿಡುತ್ತದೆ, ಆ ಅನಿಲದಿಂದ ಪಟ್ಟಿಗೆ ಬಣ್ಣ ಬರುತ್ತದೆ. ಆ ಅನಿಲ ವಿಷ, ಪರೀಕ್ಷೆಯನ್ನು ಬಯಲಲ್ಲೇ ಮಾಡಬೇಕು. ಕೊಳೆತ ಮೊಟ್ಟೆಯ ವಾಸನೆಯ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡ ಪಟ್ಟಿಗೆ ಬಣ್ಣ ಕೊಡುವುದರಿಂದ ಮೊದಲು ಅದನ್ನು ತೆಗೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಷ್ಟು ಸಣ್ಣ ಪ್ರಮಾಣದಲ್ಲಿ ಪಟ್ಟಿಯ ಬಣ್ಣವನ್ನು ಕಣ್ಣಲ್ಲಿ ಬೇರ್ಪಡಿಸುವುದು ಕಷ್ಟ, ಹಾಗಾಗಿ ಲ್ಯಾಬ್ ವರದಿ ಬರುವವರೆಗೆ ಈ ನೀರು ಕುಡಿಯಲು ಅಲ್ಲ.

ಮುಂದಿನ ಹಂತದಲ್ಲಿ ಕಚ್ಚಾ ನೀರಿನ ಫಾಸ್ಫೇಟ್ ಅಳತೆ. ಅದು ಹೆಚ್ಚಿದ್ದರೆ ಮೊಳೆಯ ತೂಕ ಏರಿಸಿ, ನೀರು ಅವುಗಳ ನಡುವೆ ಹೆಚ್ಚು ಹೊತ್ತು ನಿಲ್ಲುವಂತೆ ಬೇಸಿನ್‌ನ ರಂಧ್ರಗಳನ್ನು ಕಡಿಮೆ ಮಾಡಿ ನೋಡುತ್ತೇವೆ.