ಮೂರಕ್ಷರಕ್ಕೆ ಐದು ಗೆರೆ

"ಮೂರಕ್ಷರಕ್ಕೆ ಐದು ಗೆರೆ ಯಾಕೆ ಬರುತ್ತವೆ ಸರ್?" ಎಂದು ಸಹಕಾರ ಸಂಘವೊಂದರ ಗುಮಾಸ್ತರು ಸೋಮವಾರ ಫೋನಿನಲ್ಲಿ ಕೇಳಿದ ಪ್ರಶ್ನೆ ಈ ವಾರವಿಡೀ ನನ್ನ ಕಿವಿಯಲ್ಲೇ ಇದೆ. ನಮ್ಮ ತಂತ್ರಾಂಶದಿಂದ ಇಳಿಸಿಕೊಂಡ ಪಿಡಿಎಫ್ ಸರಿಯಾಗಿಯೇ ತೆರೆಯುತ್ತಿತ್ತು. ಕಡತದ ಹೆಸರಿನಲ್ಲಿ ಮಾತ್ರ 'ರಶೀದಿ' ಎಂದಿರಬೇಕಾದಲ್ಲಿ ಐದು ಅಡಿಗೆರೆಗಳು ಸಾಲಾಗಿ ನಿಂತಿದ್ದವು.

ಡೌನ್‌ಲೋಡ್ ಭಾಗವನ್ನು ಬರೆದವನು ನಾನೇ. ಜಾವಾ ಭಾಷೆಯಲ್ಲಿ ವೆಬ್ ತಂತ್ರಾಂಶ ಕಟ್ಟಲು ಬಳಸುವ ಸ್ಟ್ರಟ್ಸ್ 2 ಎಂಬ ಚೌಕಟ್ಟಿನಲ್ಲಿ, ಬಳಕೆದಾರರ ಕೋರಿಕೆಯನ್ನು ನಿರ್ವಹಿಸುವ ಆಕ್ಷನ್ ಕ್ಲಾಸು ಒಂದು ಇನ್‌ಪುಟ್‌ಸ್ಟ್ರೀಮ್ (ಕಡತದ ಬೈಟುಗಳ ಹರಿವು) ಒದಗಿಸಿ, ರಿಸಲ್ಟಿನ, ಅಂದರೆ ಉತ್ತರದ, ಬಗೆ 'ಸ್ಟ್ರೀಮ್' ಎಂದು ಸೂಚಿಸಿದರೆ ಉಳಿದ ಕೆಲಸ ಅದರದು. ಏನೂ ಹೇಳದೆ ಬಿಟ್ಟರೆ ಅದು ಕಡತವನ್ನು ಸಾದಾ ಪಠ್ಯವೆಂದು ತಿಳಿದು, ಇಳಿಸುವ ಬದಲು ಬ್ರೌಸರಿನಲ್ಲೇ ತೋರಿಸಲು ಹೇಳುತ್ತದೆ. ಅವೆರಡನ್ನೂ ಮರೆಯದೆ ಬರೆದೆನೆಂಬ ಹೆಮ್ಮೆಯಲ್ಲಿ ಹೆಸರಿನ ವಿಚಾರ ನನಗೆ ಹೊಳೆದಿರಲಿಲ್ಲ.

"ರೆಸೀಟ್ ಅಂತ ಇಂಗ್ಲಿಷಿನಲ್ಲಿ ಇಟ್ಟುಬಿಡಿ, ಮುಗಿಯಿತು" ಎಂದರು ಹಿರಿಯ ಸಹೋದ್ಯೋಗಿ. ಕೆಲಸ ಬಲ್ಲವರು, ಒಳ್ಳೆಯವರು; ಆದರೆ ಕೇಳಿದವರನ್ನು ಸುಮ್ಮನಾಗಿಸಿದರೆ ಉತ್ತರ ಕೊಟ್ಟಂತೆಯೇ ಎಂದು ನಂಬಿದವರು. ಹೀಗೆ 'ಇಟ್ಟುಬಿಟ್ಟ' ಹೆಸರುಗಳೇ ನಮ್ಮ ಕಂಪ್ಯೂಟರುಗಳಲ್ಲೆಲ್ಲ ತುಂಬಿವೆ. ಗುಮಾಸ್ತರಾದರೋ ಗೆರೆಗಳನ್ನು ಎಣಿಸಿದ್ದರು! ಪರೀಕ್ಷಿಸಿದ ನಮ್ಮಲ್ಲಿ ಒಬ್ಬರೂ ಎಣಿಸಿರಲಿಲ್ಲ.

ಆ ಎಣಿಕೆಯಲ್ಲೇ ಸುಳಿವಿತ್ತು. ನಾವು ಮೂರೆಂದು ಓದುವ ಅಕ್ಷರಗಳು ಯುನಿಕೋಡಿನಲ್ಲಿ ಐದು ಸಂಕೇತಗಳು, ಏಕೆಂದರೆ ಶಕಾರದ ಗುಡಿಸಿನ ದೀರ್ಘಕ್ಕೂ ದಕಾರದ ಗುಡಿಸಿಗೂ ಅಲ್ಲಿ ಪ್ರತ್ಯೇಕ ಸ್ಥಾನಗಳಿವೆ. ಕಡತದ ಹೆಸರನ್ನು ಬ್ರೌಸರಿಗೆ ತಿಳಿಸುವ ಹೆಡರನ್ನು ಐಎಸ್‌ಒ 8859-1 ಎಂಬ, ಪಶ್ಚಿಮ ಯುರೋಪಿನ ಭಾಷೆಗಳ ಸಂಕೇತಪಟ್ಟಿಗೆ ಪರಿವರ್ತಿಸುವಾಗ ಸರ್ವರು ಅಲ್ಲಿಲ್ಲದ ಒಂದೊಂದು ಸಂಕೇತಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟಿತ್ತು. ಕಡತದ ಹೆಸರಿಗೆ ಆ ಚಿಹ್ನೆ ಸಲ್ಲದೆಂದು ಬ್ರೌಸರು ಅದನ್ನು ಅಡಿಗೆರೆಯಾಗಿಸಿತ್ತು.

ಇದಕ್ಕೆ 2011ರ ಆರ್‌ಎಫ್‌ಸಿ 6266 ಎಂಬ ಅಂತರಜಾಲ ಮಾನಕದ ದಾಖಲೆಯಲ್ಲೇ ದಾರಿಯಿದೆ. 'ಫೈಲ್‌ನೇಮ್' ಎಂಬುದಕ್ಕೆ ನಕ್ಷತ್ರ ಚಿಹ್ನೆ ಸೇರಿಸಿ, ಹೆಸರನ್ನು ಯುಟಿಎಫ್-8 ಎಂಬ, ಯುನಿಕೋಡನ್ನು ಬರೆದಿಡುವ ಕ್ರಮದ ಬೈಟುಗಳಾಗಿ (ಕನ್ನಡದ ಒಂದು ಸಂಕೇತಕ್ಕೆ ಮೂರು) ಬಿಡಿಸಿ, ಎರಡು ಚಿಹ್ನೆಗಳಲ್ಲಿ ಬರೆದ ಪ್ರತಿ ಬೈಟಿನ ಮುಂದೆ ಶೇಕಡಾ ಚಿಹ್ನೆ ಹಾಕಿ ಬರೆಯಬೇಕು. ಹಾಗೆ ಬರೆದಾಗ ರಶೀದಿ 15 ಬೈಟುಗಳಾಗಿ, 45 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಈ ಕೆಲಸಕ್ಕೆ ನಾನು ಬಳಸಿದ ಜಾವಾದ ಯುಆರ್‌ಎಲ್‌ಎನ್‌ಕೋಡರ್ ಖಾಲಿ ಜಾಗವನ್ನು ಕೂಡುವ ಚಿಹ್ನೆಯಾಗಿಸುವುದರಿಂದ ರಶೀದಿಗೂ ಅದರ ಸಂಖ್ಯೆಗೂ ನಡುವೆ ಒಂದು 'ಪ್ಲಸ್' ಬಂದು ಕೂತಿತು. ಅದನ್ನು ತಿದ್ದಲು ಇನ್ನರ್ಧ ದಿನ ಹೋಯಿತು.

ಗುರುವಾರ ಗುಮಾಸ್ತರಿಗೆ ಫೋನು ಮಾಡಿ, ಐದು ಗೆರೆಯ ಲೆಕ್ಕವನ್ನೂ ವಿವರಿಸಿದೆ. "ಹಾಗಾದರೆ ಒತ್ತಕ್ಷರಕ್ಕೆ?" ಎಂದು ಕೇಳಿದರು. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಗೆರೆ ಬರುತ್ತಿದ್ದವು ಎಂದೆ. ಬೆರಳು ಮಡಚಿ ಎಣಿಸುತ್ತಿದ್ದರೋ ಏನೋ, ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, ಸ್ತ್ರೀಶಕ್ತಿ ಗುಂಪಿನ ಸಾಲದ ಪಟ್ಟಿಯನ್ನೂ ಈಗಲೇ ಇಳಿಸಿ ನೋಡುತ್ತೇನೆ ಎಂದರು.